ಚರ್ಚಿನ ದನಿ, ಬೀದಿಯ ಹಾಡು

1964ನೆಯ ಇಸವಿ ಡಿಸೆಂಬರ್ 22ರಂದು ಅಮೆರಿಕದ ಅಂಗಡಿಗಳಿಗೆ ಒಂದು ಪುಟ್ಟ ಗ್ರಾಮಫೋನ್ ತಟ್ಟೆ ಬಂತು. ಅದರ ಒಂದು ಮಗ್ಗುಲಲ್ಲಿ 'ಶೇಕ್' ಎಂಬ ಹಾಡು. ಮೈ ಅಲುಗಿಸಿ ಕುಣಿಯಿರೆಂದು ಹುರಿದುಂಬಿಸುವ ಹಾಡು ಅದು. ತಟ್ಟೆ ಮಾರಾಟವಾಗಬೇಕಾಗಿದ್ದದ್ದು ಅದರ ಬಲದಿಂದ. ಇನ್ನೊಂದು ಮಗ್ಗುಲಲ್ಲಿ, ಇದೂ ಒಂದಿರಲಿ ಎಂದು ಸೇರಿಸಿದಂತೆ, 'ಎ ಚೇಂಜ್ ಈಸ್ ಗಾನಾ ಕಮ್' ಎಂಬ ಹಾಡಿತ್ತು. ಬದಲಾವಣೆ ಬಂದೇ ತೀರುವುದು ಎಂದು ಅದರ ಅರ್ಥ. ಆ ಹಾಡಿನಿಂದ ಒಂದು ಚರಣವನ್ನು ಕತ್ತರಿಸಿ ತೆಗೆದಿದ್ದರು. ಕಪ್ಪು ಮನುಷ್ಯ ಸಿನಿಮಾಕ್ಕೋ ಪೇಟೆಗೋ ಹೋದರೆ, ಇಲ್ಲಿ ಸುಳಿಯಬೇಡವೆಂದು ಹೇಳಿಸಿಕೊಂಡು ಬರುವ ಸಂಗತಿ ಆ ಚರಣದಲ್ಲಿತ್ತು. ರೇಡಿಯೋದವರಿಗೆ ಅದು ಕಹಿಯಾದೀತು ಎಂಬ ಅಂಜಿಕೆ.

ಎರಡೂ ಹಾಡುಗಳನ್ನು ಕಟ್ಟಿ ಹಾಡಿದ ಸ್ಯಾಮ್ ಕುಕ್ ಆ ವೇಳೆಗೆ ಸತ್ತು 11 ದಿನಗಳಾಗಿದ್ದವು. ಅವನಿಗೆ ಆಗ 33 ವರ್ಷ.

ಮುಂಬದಿಯ ಹಾಡನ್ನು ಇಂದು ನೆನೆಯುವವರು ಕಡಿಮೆ. ಹಿಂಬದಿಯ ಹಾಡು ಮಾತ್ರ ಒಂದು ಜನಾಂಗದ ಪ್ರಾರ್ಥನೆಯಂತೆ ಉಳಿದುಬಂದಿದೆ. ಪ್ರೇಮಗೀತೆಗಳಿಂದಲೂ ಕುಣಿತದ ಹಾಡುಗಳಿಂದಲೂ ಹೆಸರು, ಹಣ ಎರಡನ್ನೂ ಸಂಪಾದಿಸಿದ ಮನುಷ್ಯನ ಬಾಯಲ್ಲಿ ಇಂಥದೊಂದು ಹಾಡು ಹುಟ್ಟಿದ್ದು ಎಲ್ಲಿಂದ? ಅದನ್ನು ತಿಳಿಯಬೇಕಾದರೆ ಆತ ಬಿಟ್ಟು ಬಂದ ಮನೆಯನ್ನು ಮೊದಲು ನೋಡಬೇಕು. ಆ ಮನೆ ಚರ್ಚು.

ಎರಡು ಸಂಗೀತ, ನಡುವೆ ಒಂದು ಗೋಡೆ

ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಹೋಯಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಅದರ ಜಾಗಕ್ಕೆ ಬೇರ್ಪಾಡಿನ ಕಟ್ಟಳೆ ಬಂದು ಕುಳಿತಿತು. ಕಪ್ಪು ಜನರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಕೂರುವ ಜಾಗ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ, ಉಳಿದುಕೊಳ್ಳುವ ಹೋಟೆಲು ಬೇರೆ. ಇಂಥ ಬಾಳಿನಲ್ಲಿ ಅವರು ತಮ್ಮದೆಂದು ಹೇಳಿಕೊಳ್ಳಬಹುದಾಗಿದ್ದ ದೊಡ್ಡ ಮನೆಯೆಂದರೆ ಚರ್ಚು ಒಂದೇ. ವಾರವೆಲ್ಲ ದೊರೆಯ ಎದುರು ತಲೆ ತಗ್ಗಿಸಿದವರು ಭಾನುವಾರ ಅಲ್ಲಿ ತಲೆಯೆತ್ತಿ ಹಾಡುತ್ತಿದ್ದರು. ಒಬ್ಬ ಮುಂದಾಗಿ ಹೇಳುವುದು, ಉಳಿದವರು ದನಿಗೂಡಿಸುವುದು. ಹೇಳುತ್ತ ಹೇಳುತ್ತ ಕಾವೇರುವುದು. ಭಜನೆ ಕೇಳಿದ ನಮಗೆ ಈ ಕ್ರಮ ಅಪರಿಚಿತವಲ್ಲ. ಈ ದೇವರ ಹಾಡುಗಳ ಹೊಸ ಬಗೆಗೆ 1930ರ ದಶಕದಿಂದೀಚೆಗೆ 'ಗಾಸ್ಪೆಲ್' ಎಂಬ ಹೆಸರು ನಿಂತಿತು.

ಅದೇ ಜನರ ಇನ್ನೊಂದು ಸಂಗೀತ ಬ್ಲೂಸ್. ಅದು ಹೆಂಡದಂಗಡಿಯ, ಕುಣಿತದ ಮನೆಯ, ಕೈಕೊಟ್ಟ ಪ್ರಿಯೆಯ, ಬರಿದಾದ ಜೇಬಿನ ಸಂಗೀತ. ಸ್ವರಗಳು ಬಹುಮಟ್ಟಿಗೆ ಒಂದೇ, ಕೊರಳ ಕೊಂಕು ಒಂದೇ. ಆದರೂ ಚರ್ಚಿನ ಹಿರಿಯರಿಗೆ ಅದು ಸೈತಾನನ ಸಂಗೀತ. ದೇವರಿಗೆ ಹಾಡಿದ ಬಾಯಲ್ಲಿ ಅದನ್ನು ಹಾಡಕೂಡದು. ಗಾಸ್ಪೆಲ್ಲಿಗೆ ರೂಪ ಕೊಟ್ಟ ಥಾಮಸ್ ಡಾರ್ಸಿಯೇ ಮೊದಲು ಬ್ಲೂಸ್ ಪಿಯಾನೋ ಬಾರಿಸುತ್ತಿದ್ದವನು. ಬೀದಿಯಿಂದ ಗುಡಿಗೆ ಬಂದವನನ್ನು ಜನ ಹಾಗೂ ಹೀಗೂ ಒಳಗೆ ಬಿಟ್ಟುಕೊಂಡರು. ಗುಡಿಯಿಂದ ಬೀದಿಗೆ ಇಳಿದವನನ್ನು ಕ್ಷಮಿಸುವುದು ಅವರಿಗೆ ಕಷ್ಟವಾಗಿತ್ತು.

1950ರ ದಶಕದಲ್ಲಿ ಕೆಲವರು ಈ ಗೋಡೆಯನ್ನು ದಾಟಿದರು. ಗಾಸ್ಪೆಲ್ಲಿನ ಉರಿಯನ್ನು ಲೌಕಿಕ ಪ್ರೇಮದ ಮಾತಿಗೆ ಹಚ್ಚಿದರು. ಹಾಗೆ ಹುಟ್ಟಿದ ಸಂಗೀತಕ್ಕೆ ಮುಂದೆ 'ಸೋಲ್' ಎಂದು ಹೆಸರಾಯಿತು. ಸೋಲ್ ಎಂದರೆ ಆತ್ಮ. ರೇ ಚಾರ್ಲ್ಸ್ 1954ರ ಕೊನೆಯಲ್ಲಿ 'ಐ ಗಾಟ್ ಎ ವುಮನ್' ಎಂಬ ಹಾಡನ್ನು ದೇವರ ಹಾಡಿನ ಧಾಟಿಯಲ್ಲಿ ಕಟ್ಟಿ ಈ ದಾರಿಯನ್ನು ತೋರಿಸಿದ್ದನು. ಆದರೆ ರೇ ಚಾರ್ಲ್ಸ್ ಗಾಸ್ಪೆಲ್ ಲೋಕದ ನಾಯಕನಾಗಿರಲಿಲ್ಲ. ಸ್ಯಾಮ್ ಕುಕ್ ಆಗಿದ್ದನು. ಅವನು ದಾಟಿದಾಗ ಸದ್ದು ಜೋರಾಗಿ ಕೇಳಿಸಿದ್ದು ಅದಕ್ಕಾಗಿ.

ಪಾದ್ರಿಯ ಮಗ

ಸ್ಯಾಮ್ ಹುಟ್ಟಿದ್ದು 1931ರ ಜನವರಿ 22ರಂದು, ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ. ಸುತ್ತಲೂ ಹತ್ತಿಯ ಹೊಲಗಳ ಸೀಮೆ. ತಂದೆ ಚಾರ್ಲ್ಸ್ ಕುಕ್ ಹೋಲಿನೆಸ್ ಪಂಥದ ಪಾದ್ರಿ, ತಾಯಿ ಆನಿ ಮೇ. ದಕ್ಷಿಣದ ಹೊಲಗಳನ್ನು ಬಿಟ್ಟು ಕಪ್ಪು ಜನ ಲಕ್ಷಗಟ್ಟಲೆಯಾಗಿ ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆ ಹೋಗುತ್ತಿದ್ದ ಕಾಲ ಅದು. 1910ರಿಂದ 1970ರವರೆಗೆ ಹೀಗೆ ಹೋದವರು ಸುಮಾರು 60 ಲಕ್ಷ ಜನ. ಕುಕ್ ಸಂಸಾರವೂ 1933ರಲ್ಲಿ ಚಿಕಾಗೋ ಸೇರಿತು.

ಪಾದ್ರಿ ತನ್ನ ಮಕ್ಕಳನ್ನೇ ಸೇರಿಸಿ 'ಸಿಂಗಿಂಗ್ ಚಿಲ್ಡ್ರನ್' ಎಂಬ ಮೇಳ ಮಾಡಿದನು. ಅಪ್ಪ ಪ್ರವಚನ ಮಾಡಿದರೆ ಮಕ್ಕಳು ಹಾಡುವರು. ತಮ್ಮ ಎಲ್. ಸಿ. ಮುಂದೆ ನೆನೆಸಿಕೊಂಡ ಒಂದು ಸಂಗತಿಯುಂಟು. ಹುಡುಗ ಸ್ಯಾಮ್ ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಮಣ್ಣಿನಲ್ಲಿ ಸಾಲಾಗಿ ನೆಟ್ಟು, ಇವರೇ ನನ್ನ ಸಭಿಕರು ಎಂದುಕೊಂಡು ಅವುಗಳ ಮುಂದೆ ಹಾಡುತ್ತಿದ್ದನಂತೆ. ಗಂಟೆ ನೋಡಿಕೊಂಡು ಹೋಗಿಬರುವ ಕೂಲಿಗೆ ತಾನು ಎಂದೂ ಹೋಗುವುದಿಲ್ಲ ಎಂದೂ ಹೇಳುತ್ತಿದ್ದನಂತೆ. ಮಕ್ಕಳ ಮಾತು ಎಂದು ನಕ್ಕು ಬಿಡಬಹುದು. ಆದರೆ ಆ ಮಾತಿನಲ್ಲಿ ಮುಂದಿನ ಬಾಳಿನ ಬೀಜವಿತ್ತು. ದುಡಿಮೆ ತನ್ನದಾದರೆ ಅದರ ಫಲವೂ ತನ್ನದಾಗಬೇಕು ಎಂಬ ಹಟ ಅದು.

ಹದಿಹರೆಯದಲ್ಲಿ 'ಹೈವೇ ಕ್ಯೂಸಿಸ್' ಎಂಬ ಹುಡುಗರ ಮೇಳದಲ್ಲಿ ಹಾಡಿ ಸ್ಯಾಮ್ ಚಿಕಾಗೋದ ಚರ್ಚುಗಳಲ್ಲಿ ಹೆಸರಾದನು. 1950ರಲ್ಲಿ, 19ನೆಯ ವಯಸ್ಸಿನಲ್ಲಿ, ಒಂದು ದೊಡ್ಡ ಕರೆ ಬಂತು. 'ಸೋಲ್ ಸ್ಟಿರರ್ಸ್' ಎಂಬುದು ಆ ಕಾಲದ ಅತಿ ಪ್ರಸಿದ್ಧವಾದ ಗಾಸ್ಪೆಲ್ ಮೇಳ. ಅದರ ಮುಂದಾಳು ಆರ್. ಎಚ್. ಹ್ಯಾರಿಸ್ ಆ ಕಲೆಯ ಗುರು ಎನ್ನಿಸಿಕೊಂಡವನು. ಅವನು ಮೇಳ ಬಿಟ್ಟನು. ಆ ಜಾಗಕ್ಕೆ ಈ ಹುಡುಗನನ್ನು ತಂದು ನಿಲ್ಲಿಸಿದರು.

1951ರ ಮಾರ್ಚ್ 1ರಂದು ಮೇಳ ಲಾಸ್ ಏಂಜಲೀಸಿನಲ್ಲಿ ಸ್ಪೆಷಾಲ್ಟಿ ಎಂಬ ಕಂಪನಿಗಾಗಿ ಹಾಡಿತು. ಕಂಪನಿಯ ಒಡೆಯ ಆರ್ಟ್ ರೂಪನಿಗೆ ಹ್ಯಾರಿಸ್ ಇಲ್ಲದ ಮೇಳವೆಂದರೆ ಅನುಮಾನ. ಆ ದಿನ ಹಾಡಿದ 'ಜೀಸಸ್ ಗೇವ್ ಮಿ ವಾಟರ್' ಅನುಮಾನವನ್ನು ಹೋಗಲಾಡಿಸಿತು. ಆಗಿನ ಗಾಸ್ಪೆಲ್ ಹಾಡುಗಾರರಲ್ಲಿ ಅನೇಕರು ದನಿ ಒಡೆಯುವಂತೆ ಕೂಗಿ ಜನರನ್ನು ಕೆಡವುತ್ತಿದ್ದರು. ಸ್ಯಾಮ್ ಕೂಗಲಿಲ್ಲ. ಮಾತನಾಡಿದಷ್ಟು ಹಗುರವಾಗಿ ಹಾಡಿದನು. ಗುರುವಿನ ಎತ್ತರದ ಸ್ವರ ತನಗೆ ಎಟುಕದ ಕಡೆ 'ವೋ' ಎಂಬ ಒಂದು ಅಕ್ಷರವನ್ನು ಹಿಡಿದು, ಅದನ್ನು ಅಲೆಯಲೆಯಾಗಿ ಬಳುಕಿಸಿ ಕೆಳಗಿಳಿಸುವನು. ಕೊರತೆಯೇ ಕುಶಲತೆಯಾಯಿತು. ಆ ಬಳುಕು ಅವನ ರುಜುವಿನಂತೆ ಕೊನೆಯವರೆಗೂ ಉಳಿಯಿತು.

ಅವನಿಗೆ ಇನ್ನೊಂದು ಶಕ್ತಿಯೂ ಇತ್ತು. ಬೈಬಲ್ಲಿನ ಒಂದು ಕಥೆಯನ್ನು ತೆಗೆದುಕೊಂಡು ಕಣ್ಣೆದುರು ನಡೆದಂತೆ ನಾಲ್ಕು ಚರಣಗಳಲ್ಲಿ ಹೇಳಿಬಿಡುವನು. 1956ರ 'ಟಚ್ ದ ಹೆಮ್ ಆಫ್ ಹಿಸ್ ಗಾರ್ಮೆಂಟ್' ಅಂಥದು. ಬಹುಕಾಲದ ರೋಗಿಯಾದ ಹೆಂಗಸು ಜನಜಂಗುಳಿಯಲ್ಲಿ ನುಸುಳಿ ಏಸುವಿನ ಉಡುಪಿನ ಅಂಚನ್ನು ಮುಟ್ಟಿ ಗುಣವಾದ ಕಥೆ ಅದು. ಸರಳವಾದ ಮಾತು, ನೆನಪಿನಲ್ಲಿ ನಿಲ್ಲುವ ಧಾಟಿ, ನಡುವೆ ಒಬ್ಬ ನೊಂದ ಮನುಷ್ಯ. ಮುಂದೆ ಅವನು ಬರೆದ ಲೌಕಿಕ ಹಾಡುಗಳ ಕಟ್ಟಡವೂ ಇದೇ.

ಹೊಸ್ತಿಲು ದಾಟಿದ್ದು

ಚರ್ಚುಗಳಲ್ಲಿ ಈ ಚೆಲುವ ಯುವಕನನ್ನು ನೋಡಲು ತರುಣಿಯರು ಮುಂದಿನ ಸಾಲುಗಳಿಗೆ ಮುಗಿಬೀಳುತ್ತಿದ್ದರು. ಕೀರ್ತಿಯಿತ್ತು, ಹಣ ಅಷ್ಟರಮಟ್ಟಿಗೆ ಇರಲಿಲ್ಲ. ಗಾಸ್ಪೆಲ್ ಮೇಳದವರ ಬಾಳೆಂದರೆ ಕಾರಿನಲ್ಲಿ ಸಾವಿರಾರು ಮೈಲಿ ಸುತ್ತುವುದು, ಬಂದ ಕಾಣಿಕೆಯನ್ನು ಹಂಚಿಕೊಳ್ಳುವುದು. ಹೊರಗೆ ರೇಡಿಯೋದಲ್ಲಿ ಹೊಸ ಹಾಡುಗಾರರು ಒಂದೊಂದು ತಟ್ಟೆಯಿಂದ ಶ್ರೀಮಂತರಾಗುತ್ತಿದ್ದರು. 1956ರ ಕೊನೆಯಲ್ಲಿ ಸ್ಯಾಮ್ ಒಂದು ಪ್ರಯೋಗ ಮಾಡಿದನು. ತಾನೇ ಹಾಡಿದ್ದ 'ವಂಡರ್‌ಫುಲ್' ಎಂಬ ದೇವರ ಹಾಡಿನ ಧಾಟಿಗೆ ಪ್ರಿಯೆಯ ಮಾತು ಹೊಂದಿಸಿ 'ಲವಬಲ್' ಎಂದು ಹಾಡಿದನು. ಚರ್ಚಿನವರಿಗೆ ತಿಳಿಯದಿರಲೆಂದು ತಟ್ಟೆಯ ಮೇಲೆ 'ಡೇಲ್ ಕುಕ್' ಎಂದು ಬೇರೆ ಹೆಸರು ಹಾಕಿಸಿದನು. ಹೆಸರನ್ನು ಮರೆಸಬಹುದು, ಕೊರಳನ್ನು ಮರೆಸುವುದು ಹೇಗೆ? ಕೇಳಿದವರಿಗೆಲ್ಲ ಗೊತ್ತಾಗಿಹೋಯಿತು.

ಇನ್ನು ಎರಡು ದೋಣಿಯಲ್ಲಿ ಕಾಲಿಡುವಂತಿರಲಿಲ್ಲ. 1957ರಲ್ಲಿ ಅವನು ಮೇಳವನ್ನು ಬಿಟ್ಟನು. ತಂದೆ ಪಾದ್ರಿಯಾದರೂ ಅಡ್ಡಿ ಹೇಳಲಿಲ್ಲ. ದೇವರು ಕೊಟ್ಟ ಕೊರಳನ್ನು ಬಳಸುವುದು ಮುಖ್ಯ, ಏನು ಹಾಡುತ್ತೀ ಎಂಬುದಲ್ಲ ಎಂಬುದು ಆ ಹಿರಿಯನ ನಿಲುವು. ಆ ಜೂನ್ ತಿಂಗಳಲ್ಲಿ ಸ್ಯಾಮ್ ಬಂಪ್ಸ್ ಬ್ಲ್ಯಾಕ್‌ವೆಲ್ ಎಂಬ ನಿರ್ದೇಶಕನೊಡನೆ ಕೆಲವು ಹಾಡುಗಳನ್ನು ಮುದ್ರಿಸಿದನು. ಹಿಂದೆ ದನಿಗೂಡಿಸುವುದಕ್ಕೆ ಬಿಳಿಯ ಹಾಡುಗಾರರ ತಂಡವೊಂದನ್ನು ಕರೆಸಿದ್ದರು. ಆರ್ಟ್ ರೂಪ್ ಇದನ್ನು ಕಂಡು ಕೆರಳಿದನು. ಕಪ್ಪು ಜನ ಕೊಳ್ಳುವ ಸಂಗೀತ ಇದಲ್ಲ ಎಂಬುದು ಅವನ ಲೆಕ್ಕ. ಜಗಳ ಬೆಳೆಯಿತು. ಬ್ಲ್ಯಾಕ್‌ವೆಲ್ ತನಗೆ ಬರಬೇಕಾಗಿದ್ದ ಹಣದ ಬದಲು ಆ ಮುದ್ರಣಗಳನ್ನೇ ಪಡೆದು, ಹಾಡುಗಾರನನ್ನೂ ಕರೆದುಕೊಂಡು ಹೊರಬಿದ್ದನು.

ಅವುಗಳಲ್ಲಿ ಒಂದು 'ಯೂ ಸೆಂಡ್ ಮಿ'. ಕೀನ್ ಎಂಬ ಹೊಸ ಕಂಪನಿ ಅದನ್ನು 1957ರ ಸೆಪ್ಟೆಂಬರಿನಲ್ಲಿ ಹೊರತಂದಿತು. ಹಾಡಿನಲ್ಲಿ ಮಾತುಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಆ ಕೊರಳಿನ ಬಳುಕು. ಕಪ್ಪು ಜನರ ಪಟ್ಟಿಯಲ್ಲಿಯೂ ಇಡೀ ದೇಶದ ಪಟ್ಟಿಯಲ್ಲಿಯೂ ಅದು ಮೊದಲನೆಯ ಸ್ಥಾನಕ್ಕೆ ಏರಿತು. 10 ಲಕ್ಷಕ್ಕೂ ಹೆಚ್ಚು ತಟ್ಟೆಗಳು ಮಾರಾಟವಾದವು. ರೂಪನ ಲೆಕ್ಕ ತಪ್ಪಿತ್ತು. ಸ್ಯಾಮ್ ತನ್ನ ಮನೆತನದ ಹೆಸರಿನ ಕೊನೆಗೆ, ಉಚ್ಚಾರಣೆಯಲ್ಲಿ ಕೇಳಿಸದ ಒಂದು 'ಇ' ಅಕ್ಷರ ಸೇರಿಸಿಕೊಂಡು ಹೊಸ ಬಾಳನ್ನು ತೊಡಗಿದನು.

ಹಾಡಿನ ಒಡೆತನ

ಈ ಹಾಡಿನ ಮೇಲೆ ಕರ್ತೃವೆಂದು ಅಚ್ಚಾದದ್ದು ತಮ್ಮ ಎಲ್. ಸಿ.ಯ ಹೆಸರು. ಅದಕ್ಕೆ ಕಾರಣವಿತ್ತು. ತನ್ನ ಹೆಸರಿನಲ್ಲಿ ಬರೆದ ಹಾಡಿನ ಪ್ರಕಾಶನದ ಆದಾಯ ಹಳೆಯ ಕಂಪನಿಗೆ ಹೋಗುತ್ತಿತ್ತು. ಅದನ್ನು ತಪ್ಪಿಸಲು ಮಾಡಿದ ಉಪಾಯ ಇದು. ಕೋರ್ಟಿನ ವ್ಯಾಜ್ಯವೂ ಆಯಿತು, ರಾಜಿಯೂ ಆಯಿತು. ಆದರೆ ಹಾಡುಗಾರ ಪಾಠ ಕಲಿತನು.

ಆ ಪಾಠವೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ತಟ್ಟೆ ಮಾರಾಟವಾದರೆ ಹಾಡಿದವನಿಗೆ ಒಂದು ಪಾಲು. ಹಾಡನ್ನು ಬರೆದವನಿಗೆ ಬೇರೆ ಪಾಲು. ಆ ಹಾಡಿನ ಪ್ರಕಾಶನದ ಹಕ್ಕು ಯಾರದೋ ಅವರಿಗೆ ಮತ್ತೊಂದು ಪಾಲು. ಬೇರೆ ಯಾರಾದರೂ ಆ ಹಾಡನ್ನು ಹಾಡಿದರೂ ಕೊನೆಯ ಎರಡು ಪಾಲು ಬರುತ್ತಲೇ ಇರುತ್ತವೆ. ಹಾಡುಗಾರನ ದನಿ ನಿಂತ ಮೇಲೂ ಹಾಡು ದುಡಿಯುತ್ತದೆ. ಕಪ್ಪು ಹಾಡುಗಾರರಲ್ಲಿ ಬಹುಮಂದಿ ಇದನ್ನರಿಯದೆ ನೂರು ಡಾಲರಿಗೋ ಒಂದು ಹಳೆಯ ಕಾರಿಗೋ ತಮ್ಮ ಹಾಡುಗಳನ್ನು ಬರೆದುಕೊಟ್ಟು ಬರಿಗೈಯಲ್ಲಿ ಮುದುಕರಾದರು.

ಸ್ಯಾಮ್ ಹಾಗಾಗಲು ಒಪ್ಪಲಿಲ್ಲ. ಜೆ. ಡಬ್ಲ್ಯು. ಅಲೆಗ್ಸಾಂಡರ್ ಎಂಬ ಹಳೆಯ ಗಾಸ್ಪೆಲ್ ಗೆಳೆಯನೊಡನೆ ಪಾಲುದಾರನಾಗಿ 'ಕ್ಯಾಗ್ಸ್ ಮ್ಯೂಸಿಕ್' ಎಂಬ ಸ್ವಂತ ಪ್ರಕಾಶನ ನಡೆಸಿದನು. 1959ರಲ್ಲಿ 'ಸಾರ್ ರೆಕಾರ್ಡ್ಸ್' ಎಂಬ ಸ್ವಂತ ಕಂಪನಿಯೂ ಹುಟ್ಟಿತು. ಸೋಲ್ ಸ್ಟಿರರ್ಸ್ ಮೇಳದ ಹಿರಿಯ ರಾಯ್ ಕ್ರೇನ್ ಅದರ ಮೂರನೆಯ ಪಾಲುದಾರ. ಅದು ಮೊದಲು ಆಸರೆ ಕೊಟ್ಟದ್ದು ತಾನು ಬಿಟ್ಟುಬಂದ ಸೋಲ್ ಸ್ಟಿರರ್ಸ್ ಮೇಳಕ್ಕೇ. ಜಾನಿ ಟೇಲರ್, ಬಿಲ್ಲಿ ಪ್ರೆಸ್ಟನ್, ಬಾಬಿ ವೋಮ್ಯಾಕ್ ಮತ್ತು ಅವನ ಸೋದರರು ಆ ನೆರಳಿನಲ್ಲಿ ಬೆಳೆದವರು. ವೋಮ್ಯಾಕ್ ಸೋದರರೂ ದೇವರ ಹಾಡಿನವರೇ. ಅವರನ್ನು ಸ್ಯಾಮ್ ಲೌಕಿಕದ ಕಡೆ ತಿರುಗಿಸಿದನು. 1964ರಲ್ಲಿ ಅವರ 'ಇಟ್ಸ್ ಆಲ್ ಓವರ್ ನೌ' ಹಾಡನ್ನು ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಹಾಡಿ, ತನ್ನ ದೇಶದಲ್ಲಿ ಮೊದಲ ಬಾರಿಗೆ ಪ್ರಥಮ ಸ್ಥಾನ ಗಳಿಸಿತು. ತನ್ನ ಹಾಡನ್ನು ಬಿಳಿಯ ಹುಡುಗರು ಕೊಂಡೊಯ್ದರೆಂದು ಬಾಬಿ ಮೊದಲು ಸಿಟ್ಟಾದನು. ಹಕ್ಕಿನ ಹಣ ಕೈಗೆ ಬಂದಾಗ ಸಿಟ್ಟು ಇಳಿಯಿತು.

ಇತ್ತ ಸ್ಯಾಮ್ 1960ರಲ್ಲಿ ಆರ್.ಸಿ.ಎ. ವಿಕ್ಟರ್ ಎಂಬ ದೊಡ್ಡ ಕಂಪನಿಯ ಹಾಡುಗಾರನಾದನು. 'ಚೈನ್ ಗ್ಯಾಂಗ್', 'ಕ್ಯೂಪಿಡ್', 'ಟ್ವಿಸ್ಟಿಂಗ್ ದ ನೈಟ್ ಅವೇ', 'ಅನದರ್ ಸ್ಯಾಟರ್ಡೇ ನೈಟ್' ಸಾಲಾಗಿ ಬಂದವು. 'ಚೈನ್ ಗ್ಯಾಂಗ್' ದೇಶದ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೆ ಹೋಯಿತು. ಪ್ರವಾಸದ ದಾರಿಯಲ್ಲಿ, ಸಂಕೋಲೆ ತೊಟ್ಟು ರಸ್ತೆ ಕಡಿಯುತ್ತಿದ್ದ ಕೈದಿಗಳನ್ನು ಕಂಡು ಅದನ್ನು ಬರೆದನೆನ್ನುತ್ತಾರೆ. ಸುತ್ತಿಗೆಯ ಏಟು, ಕೈದಿಗಳ ಹೂಂಕಾರ ಅದರಲ್ಲಿ ತಾಳವಾಗಿವೆ. ಜನ ಅದಕ್ಕೆ ಕುಣಿದರು. ಯಾರ ಸಂಕೋಲೆಗೆ ತಾವು ಕುಣಿಯುತ್ತಿದ್ದೇವೆಂದು ಎಷ್ಟು ಜನ ಯೋಚಿಸಿದರೋ!

ಎರಡು ಸಭೆ, ಎರಡು ದನಿ

ಒಡೆತನದ ಗೋಡೆಯನ್ನು ಹಣದಿಂದ ದಾಟಬಹುದು. ಬಣ್ಣದ ಗೋಡೆಗೆ ಆ ಬಾಗಿಲಿರಲಿಲ್ಲ. 1958ರಲ್ಲಿ ನ್ಯೂಯಾರ್ಕಿನ ಕೋಪಾಕಬಾನಾ ಎಂಬ ಬಿಳಿಯ ಧನಿಕರ ರಂಜನೆಯ ಮನೆಯಲ್ಲಿ ಹಾಡಿ ಸ್ಯಾಮ್ ಸೋತು ಬಂದಿದ್ದನು. ಊಟ ಮಾಡುತ್ತ ಹರಟುತ್ತಿದ್ದ ಆ ಸಭೆಗೆ ಅವನ ಹಾಡು ಹತ್ತಲಿಲ್ಲ. ಆ ಸೋಲು ಅವನನ್ನು ಆರು ವರ್ಷ ಚುಚ್ಚಿತು. 1964ರ ಬೇಸಗೆಯಲ್ಲಿ ಮತ್ತೆ ಅಲ್ಲಿಗೇ ಹೋಗಿ ಹಾಡಿ ಗೆದ್ದನು. ಆಗ ಟೈಮ್ಸ್ ಚೌಕದಲ್ಲಿ ಅವನ ಚಿತ್ರದ ಭಾರಿ ಫಲಕವನ್ನೇ ನಿಲ್ಲಿಸಿದ್ದರು.

ಕಪ್ಪು ಜನರ ಸಭೆಯಲ್ಲಿ ಅವನೇ ಬೇರೆ ಮನುಷ್ಯ. 1963ರ ಜನವರಿ 12ರಂದು ಮಯಾಮಿಯ ಹಾರ್ಲೆಂ ಸ್ಕ್ವೇರ್ ಕ್ಲಬ್ಬಿನಲ್ಲಿ ಅವನು ಹಾಡಿದ್ದನ್ನು ಕಂಪನಿ ಮುದ್ರಿಸಿಕೊಂಡಿತು. ಅಲ್ಲಿ ದನಿ ಒರಟಾಗಿದೆ, ಬೆವರಿದೆ. ಸಭೆ ಸಾಲು ಸಾಲಿಗೂ ಉತ್ತರ ಕೊಡುತ್ತದೆ. ಚರ್ಚಿನ ಭಾನುವಾರವೇ ಶನಿವಾರ ರಾತ್ರಿ ಅಲ್ಲಿಗೆ ಇಳಿದು ಬಂದಂತಿದೆ. ಈ ಮುದ್ರಿಕೆ 22 ವರ್ಷ ಕಪಾಟಿನಲ್ಲಿದ್ದು 1985ರಲ್ಲಿ ಬೆಳಕು ಕಂಡಿತು. ಕೋಪಾದ ಮುದ್ರಿಕೆ ಮಾತ್ರ ಹಾಡಿದ ವರ್ಷವೇ ಅಂಗಡಿಗೆ ಬಂದಿತ್ತು. ಒಬ್ಬನೇ ಹಾಡುಗಾರನಿಗೆ ಎರಡು ದನಿ ಬೇಕಾಗಿತ್ತು. ಅವುಗಳಲ್ಲಿ ಯಾವುದು ಮಾರಾಟಕ್ಕೆ ಯೋಗ್ಯ ಎಂದು ತೀರ್ಮಾನಿಸುವವರು ಬೇರೆಯವರಾಗಿದ್ದರು.

ಅವನು ಸುಮ್ಮನಿದ್ದನೆಂದು ತಿಳಿಯಬಾರದು. 1961ರ ಮೇ ತಿಂಗಳಲ್ಲಿ ಮೆಂಫಿಸ್ ನಗರದಲ್ಲಿ, ಕಪ್ಪು ಪ್ರೇಕ್ಷಕರನ್ನು ಬೇರೆ ಕೂರಿಸಿದ್ದಾರೆಂದು ತಿಳಿದೊಡನೆ ಅವನೂ ಕ್ಲೈಡ್ ಮ್ಯಾಕ್‌ಫ್ಯಾಟರ್ ಎಂಬ ಇನ್ನೊಬ್ಬ ಹಾಡುಗಾರನೂ ವೇದಿಕೆ ಹತ್ತಲು ನಿರಾಕರಿಸಿದರು. ಆದರೆ ಆ ನಿಲುವು ಹಾಡಿನೊಳಗೆ ಬಂದಿರಲಿಲ್ಲ. ಹಾಡು ಮಾರಾಟವಾಗಬೇಕಲ್ಲ!

1963

ಆ ವರ್ಷ ಅವನ ಬಾಳಿನಲ್ಲಿ ಎಲ್ಲವೂ ಒಟ್ಟಿಗೆ ಕೂಡಿಬಂದವು. ಜೂನ್ ತಿಂಗಳಲ್ಲಿ ಅವನ ಒಂದೂವರೆ ವರ್ಷದ ಮಗ ವಿನ್ಸೆಂಟ್ ಮನೆಯ ಈಜುಕೊಳದಲ್ಲಿ ಬಿದ್ದು ಸತ್ತನು. ಹಾಡು ಕೊಟ್ಟ ಹಣದಿಂದ ಕೊಂಡ ಮನೆ, ಆ ಮನೆಯ ಕೊಳ. ತಂದೆಯ ಸಂಕಟವನ್ನು ಹೇಳುವುದು ಬೇಕಿಲ್ಲ.

ಆ ದಿನಗಳಲ್ಲಿ ಬಾಬ್ ಡೈಲನ್ ಎಂಬ ಬಿಳಿಯ ತರುಣನ 'ಬ್ಲೋಯಿಂಗ್ ಇನ್ ದ ವಿಂಡ್' ಎಂಬ ಹಾಡು ಅವನ ಕಿವಿಗೆ ಬಿತ್ತು. ನಮ್ಮ ಜನರ ಪಾಡನ್ನು ಕುರಿತು ಇಂಥ ಹಾಡನ್ನು ನಾನು ಬರೆಯಬೇಕಾಗಿತ್ತಲ್ಲ ಎಂದು ಅವನು ನಾಚಿದನೆಂದು ಗೆಳೆಯರು ಹೇಳಿದ್ದಾರೆ. ಆ ಹಾಡನ್ನು ತನ್ನ ಕಚೇರಿಗಳಲ್ಲಿ ಹಾಡತೊಡಗಿದನು.

ಅಕ್ಟೋಬರ್ 8ರಂದು ಲೂಯಿಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ನಗರದಲ್ಲಿ ಹೋಟೆಲೊಂದಕ್ಕೆ ಫೋನ್ ಮಾಡಿ ಕೋಣೆ ಗೊತ್ತುಮಾಡಿಸಿ, ಹೆಂಡತಿ ಬಾರ್ಬರಾ ಮತ್ತು ಸಂಗಡಿಗರೊಡನೆ ಅಲ್ಲಿ ಕಾರಿನಿಂದ ಇಳಿದನು. ಮುಖ ಕಂಡೊಡನೆ ಗುಮಾಸ್ತ ಕೋಣೆಯಿಲ್ಲ ಎಂದನು. ಸ್ಯಾಮ್ ಅಲ್ಲಿಂದ ಕದಲಲಿಲ್ಲ, ಗಟ್ಟಿಯಾಗಿ ಕೇಳಿದನು. ಇವರು ನಿನ್ನನ್ನು ಕೊಲ್ಲುತ್ತಾರೆ, ಬಾ ಎಂದು ಹೆಂಡತಿ ಅಂಗಲಾಚಿದಳು. ಕೊನೆಗೆ ಕಾರಿನ ಹಾರನ್ನು ಮೊಳಗಿಸುತ್ತ ಹೊರಟರು. ಕಪ್ಪು ಜನರ ಹೋಟೆಲನ್ನು ತಲುಪುವ ಹೊತ್ತಿಗೆ ಪೊಲೀಸರು ಕಾದಿದ್ದರು. ಶಾಂತಿಭಂಗದ ಆಪಾದನೆ ಹೊರಿಸಿ ಹಿಡಿದೊಯ್ದರು. ದೇಶದ ದೊಡ್ಡ ಪತ್ರಿಕೆಗಳಲ್ಲಿ ಸುದ್ದಿ ಬಂತು. ಅಷ್ಟು ಹಾಡುಗಳ ಒಡೆಯ ಒಂದು ರಾತ್ರಿಯ ಕೋಣೆಗೆ ಒಡೆಯನಾಗಲಾರದೆ ಹೋದನು.

ಒಂದು ಹಾಡು

ಆ ವರ್ಷದ ಕೊನೆಯ ವೇಳೆಗೆ ಸ್ಯಾಮ್ ಹೊಸ ಹಾಡೊಂದನ್ನು ಅಲೆಗ್ಸಾಂಡರನಿಗೆ ಹಾಡಿ ತೋರಿಸಿದನು. ತಾನಾಗಿ ಬಂದಂತೆ ಬಂತು ಎಂದು ಅವನೇ ಹೇಳುತ್ತಿದ್ದನಂತೆ. 1964ರ ಜನವರಿ 30ರಂದು ಹಾಲಿವುಡ್ಡಿನಲ್ಲಿ ಅದರ ಮುದ್ರಣವಾಯಿತು. ವಾದ್ಯಸಂಯೋಜನೆಯನ್ನು ರೆನೆ ಹಾಲ್‌ಗೆ ಬಿಟ್ಟುಕೊಟ್ಟಿದ್ದನು. ಹಾಲ್ ಪಿಟೀಲುಗಳ ದೊಡ್ಡ ಮೇಳವನ್ನೂ ಫ್ರೆಂಚ್ ಕೊಂಬನ್ನೂ ಭಾರಿ ನಗಾರಿಗಳನ್ನೂ ತಂದು ಒಂದು ಚಲನಚಿತ್ರದ ಗಾಂಭೀರ್ಯವನ್ನು ಅದಕ್ಕೆ ಕೊಟ್ಟನು.

ಕೇಳಿದವರಿಗೆ ಮೊದಲು ತೋರುವುದು ಆ ವೈಭವ. ಎರಡನೆಯ ಸಲ ಕೇಳಿದಾಗ ಒಳಗಿನ ಕಟ್ಟಡ ಕಾಣುತ್ತದೆ. ನದಿಯ ಬಳಿ ಗುಡಾರದಲ್ಲಿ ಹುಟ್ಟಿದ ಒಬ್ಬ ಮನುಷ್ಯ, ಅವನು ನಡೆದು ಬಂದ ದಾರಿ, ಮುಚ್ಚಿದ ಬಾಗಿಲುಗಳು, ನೆರವು ಬೇಡಿದರೆ ತಳ್ಳುವ ಸೋದರ, ಬದುಕೂ ಬೇಸರ, ಸಾವೂ ಭಯ. ಪ್ರತಿಯೊಂದು ಚರಣವೂ ಒಂದು ನೋವನ್ನು ಹೇಳಿ, ಬದಲಾವಣೆ ಬರುವುದೆಂಬ ಒಂದೇ ಪಲ್ಲವಿಗೆ ಮರಳುತ್ತದೆ. ಇದು ಸೋಲ್ ಸ್ಟಿರರ್ಸ್ ಮೇಳದಲ್ಲಿ ಅವನು ಕಲಿತ ಗಾಸ್ಪೆಲ್ ಕ್ರಮವೇ. ರೋಗಿಯಾದ ಹೆಂಗಸು ಉಡುಪಿನ ಅಂಚಿಗೆ ಕೈ ಚಾಚಿದಂತೆ ಇಲ್ಲಿಯೂ ಒಬ್ಬ ಕೈ ಚಾಚಿದ್ದಾನೆ. ಒಂದೇ ವ್ಯತ್ಯಾಸ. ಚರ್ಚಿನ ಹಾಡಿನಲ್ಲಿ ಆಕಾಶದ ಆಚೆ ಏನಿದೆ ಎಂಬ ಬಗ್ಗೆ ಸಂದೇಹವಿರುವುದಿಲ್ಲ. ಈ ಹಾಡಿನ ಮನುಷ್ಯ ತನಗೆ ಅದು ತಿಳಿಯದು ಎನ್ನುತ್ತಾನೆ. ತಿಳಿಯದೆಯೂ ನಂಬುತ್ತಾನೆ, ಈ ಲೋಕದಲ್ಲೇ ಬದಲಾವಣೆಯನ್ನು ಕೇಳುತ್ತಾನೆ. ಏಳು ವರ್ಷಗಳ ಹಿಂದೆ ಬಿಟ್ಟುಬಂದ ಮನೆಗೆ ಸ್ಯಾಮ್ ಮರಳಿದನು. ಆದರೆ ಬೀದಿಯಲ್ಲಿ ಕಂಡದ್ದನ್ನೆಲ್ಲ ಹೊತ್ತುಕೊಂಡು ಮರಳಿದನು.

ಫೆಬ್ರವರಿ 7ರಂದು ಜಾನಿ ಕಾರ್ಸನ್ನನ 'ಟುನೈಟ್ ಷೋ' ಎಂಬ ಟೆಲಿವಿಷನ್ ಕಾರ್ಯಕ್ರಮದಲ್ಲಿ ಅವನು ಅದನ್ನು ಹಾಡಿದನು. ಆ ಚಿತ್ರಸುರುಳಿ ಇಂದು ಉಳಿದಿಲ್ಲ. ಎರಡು ದಿನಗಳ ತರುವಾಯ ಬೀಟಲ್ಸ್ ತಂಡ ಅಮೆರಿಕದ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು ದೇಶವೆಲ್ಲ ಅವರ ಮಾತೇ ಆಯಿತು. ಬಾಬಿ ವೋಮ್ಯಾಕ್ ಈ ಹಾಡನ್ನು ಕೇಳಿ, ಇದರಲ್ಲಿ ಸಾವಿನ ಸದ್ದಿದೆ ಎಂದನಂತೆ. ಸ್ಯಾಮನಿಗೂ ಅಳುಕಾಯಿತು. ಆಮೇಲೆ ಅದನ್ನು ವೇದಿಕೆಯ ಮೇಲೆ ಹಾಡಲು ಅವನು ಮುಂದಾಗಲಿಲ್ಲ.

ಸಾವು, ಮತ್ತು ಆಮೇಲೆ

1964ರ ಡಿಸೆಂಬರ್ 11ರ ಬೆಳಗಿನ ಜಾವ ಲಾಸ್ ಏಂಜಲೀಸಿನ ಒಂದು ಅಗ್ಗದ ಮೋಟೆಲಿನಲ್ಲಿ ಅಲ್ಲಿಯ ಮೇಲ್ವಿಚಾರಕಿ ಹಾರಿಸಿದ ಗುಂಡಿಗೆ ಸ್ಯಾಮ್ ಕುಕ್ ಬಲಿಯಾದನು. ಜೊತೆಗೆ ಬಂದಿದ್ದ ಹೆಂಗಸು ಅವನ ಬಟ್ಟೆಗಳನ್ನು ಎತ್ತಿಕೊಂಡು ಓಡಿಹೋದಾಗ ಅವನು ಕೋಪದಿಂದ ಕಚೇರಿಯ ಬಾಗಿಲು ಒಡೆದು ನುಗ್ಗಿದನೆಂದೂ, ಮೇಲ್ವಿಚಾರಕಿ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದಳೆಂದೂ ವಿಚಾರಣೆಯಲ್ಲಿ ಹೇಳಿಕೆಯಾಯಿತು. ಮಂಡಲಿ ಅದನ್ನು ನ್ಯಾಯಸಮ್ಮತ ಹತ್ಯೆ ಎಂದಿತು. ಅವನ ಮನೆಯವರೂ ಗೆಳೆಯರೂ ಅದನ್ನು ಒಪ್ಪಲೇ ಇಲ್ಲ. ಆತ ಸಂತನಲ್ಲ, ಹೆಂಗಸರ ವಿಷಯದಲ್ಲಿ ಅವನ ನಡತೆಯನ್ನು ಹೊಗಳುವಂತಿಲ್ಲ. ಆದರೆ ಸತ್ತ ರೀತಿಯೊಂದರಿಂದಲೇ ಬದುಕಿದ ರೀತಿಯನ್ನು ಅಳೆಯುವುದೂ ತರವಲ್ಲ. ಚಿಕಾಗೋದಲ್ಲಿ ಸಾವಿರಾರು ಜನ ಚಳಿಯಲ್ಲಿ ಸಾಲುಗಟ್ಟಿ ನಿಂತು ಅವನ ಮುಖ ನೋಡಿದರು. ಲಾಸ್ ಏಂಜಲೀಸಿನ ಚರ್ಚಿನಲ್ಲಿ ರೇ ಚಾರ್ಲ್ಸ್ ಹಾಡಿದನು. ಗೋಡೆ ದಾಟಿದವನನ್ನು ಚರ್ಚು ಕೊನೆಗೆ ಒಳಕ್ಕೆ ಕರೆದುಕೊಂಡಿತು.

ಇನ್ನು ಒಡೆತನದ ಮಾತು. 1963ರಲ್ಲಿ ಸ್ಯಾಮ್ ಅಲೆನ್ ಕ್ಲೈನ್ ಎಂಬ ಲೆಕ್ಕಪತ್ರ ನಿಪುಣನನ್ನು ವ್ಯವಹಾರಕ್ಕೆ ನೇಮಿಸಿಕೊಂಡಿದ್ದನು. ದೊಡ್ಡ ಕಂಪನಿಯಿಂದ ಬರಬೇಕಾಗಿದ್ದ ಬಾಕಿಯನ್ನು ಕ್ಲೈನ್ ಹೊರಗೆಳೆದು ಕೊಟ್ಟನು. ಮುಂದಿನ ಮುದ್ರಣಗಳ ಹಕ್ಕಿಗಾಗಿ ಒಂದು ಹೊಸ ಸಂಸ್ಥೆಯಾಯಿತು. ಅದಕ್ಕೆ ಸ್ಯಾಮನ ಮಗಳ ಹೆಸರು. ಕಾಗದದ ಮೇಲಿನ ಒಡೆತನ ಮಾತ್ರ ಕ್ಲೈನನದು. ಹಾಡುಗಾರ ಸತ್ತ ಮೇಲೆ ಸಾರ್ ಕಂಪನಿ ಮುಚ್ಚಿತು. ಪ್ರಕಾಶನದ ಹಕ್ಕುಗಳೂ ಕ್ರಮೇಣ ಕ್ಲೈನನ ಸಂಸ್ಥೆಗೆ ಸೇರಿದವು. ತನ್ನ ಹಾಡು ತನ್ನದಾಗಿರಬೇಕೆಂದು ಎಲ್ಲರಿಗಿಂತ ಮೊದಲು ತಿಳಿದವನ ಹಾಡುಗಳು ಹೀಗೆ ಅವನ ಮನೆತನದ ಕೈ ಬಿಟ್ಟವು.

ಹಾಡು ತನ್ನ ದಾರಿ ಹಿಡಿಯಿತು. ಓಟಿಸ್ ರೆಡಿಂಗ್ 1965ರಲ್ಲಿ ಅದನ್ನು ಹಾಡಿದನು. ಅರೀಥಾ ಫ್ರ್ಯಾಂಕ್ಲಿನ್ 1967ರಲ್ಲಿ. ಅವಳೂ ಪಾದ್ರಿಯ ಮಗಳು, ಸ್ಯಾಮನ ಉದಾಹರಣೆ ನೋಡಿ ಚರ್ಚಿನಿಂದ ಹೊರಬಂದವಳು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಭಂಡಾರದಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 2008ರ ನವೆಂಬರಿನಲ್ಲಿ ಬರಾಕ್ ಒಬಾಮಾ ಅಧ್ಯಕ್ಷನಾಗಿ ಆಯ್ಕೆಯಾದ ರಾತ್ರಿ ಮಾಡಿದ ಭಾಷಣದಲ್ಲಿ ಈ ಹಾಡಿನ ಪಲ್ಲವಿಯ ಪ್ರತಿಧ್ವನಿಯನ್ನು ಅನೇಕರು ಗುರುತಿಸಿದರು. 2009ರ ಜನವರಿಯಲ್ಲಿ ಲಿಂಕನ್ ಸ್ಮಾರಕದ ಮುಂದೆ ಕಪ್ಪು ಹಾಡುಗಾರ್ತಿಯೊಬ್ಬಳೂ ಬಿಳಿಯ ಹಾಡುಗಾರನೊಬ್ಬನೂ ಜೊತೆಯಾಗಿ ಅದನ್ನು ಹಾಡಿದರು. ಕತ್ತರಿಸಿದ್ದ ಆ ಚರಣ ಮಾರ್ಚ್ 1964ರ ದೊಡ್ಡ ತಟ್ಟೆಯಲ್ಲಿ ಪೂರ್ತಿಯಾಗಿ ಇದ್ದೇ ಇತ್ತು. ಜನ ಇಂದು ಕೇಳುವುದು ಅದನ್ನೇ.

2019ರಲ್ಲಿ ಶ್ರೀವ್‌ಪೋರ್ಟ್ ನಗರದ ಮೇಯರ್ ಆ ಅಕ್ಟೋಬರ್ ರಾತ್ರಿಯ ನಡತೆಗಾಗಿ ಸ್ಯಾಮ್ ಕುಕ್‌ನ ಮನೆಯವರ ಕ್ಷಮೆ ಬೇಡಿದನು. ಅಲ್ಲಿಯ ವಾಡಿಕೆಯಂತೆ ನಗರದ ಬೀಗದ ಕೈಯನ್ನು ಗೌರವವಾಗಿ ಅರ್ಪಿಸಿದನು. ಮೇಯರ್ ಕಪ್ಪು ಜನಾಂಗ ದವನು. ಒಂದು ಕೋಣೆಯ ಬೀಗದ ಕೈ ಕೇಳಿದವನಿಗೆ ಊರಿನ ಬೀಗದ ಕೈ ಸಿಕ್ಕಿತು, 56 ವರ್ಷ ತಡವಾಗಿ.